ವಿದೇಶಿ ಪಾಸ್‌ಪೋರ್ಟ್ ಹಿಡಿದು ಊರಿಗೆ ಮರಳುವ ನಿವೃತ್ತರಿಗೆ: ಒಸಿಐ, ಎಂಟ್ರಿ ವೀಸಾ, ಪೌರತ್ವ – ಯಾರಿಗೆ ಯಾವುದು?

ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ದುಡಿದು, ಅಲ್ಲಿನ ಪಾಸ್‌ಪೋರ್ಟ್ ಪಡೆದು, ನಿವೃತ್ತಿಯ ಬಳಿಕ ಕದ್ರಿಯ ಫ್ಲ್ಯಾಟಿಗೋ ಕಾರ್ಕಳದ ಹಿರಿಯರ ಮನೆಗೋ ಮರಳುವವರು ಆಸ್ಪತ್ರೆ, ಬ್ಯಾಂಕ್ ಬಡ್ಡಿ, ಮನೆಗೆಲಸದವರು ಎಲ್ಲವನ್ನೂ ಮೊದಲೇ ವಿಚಾರಿಸಿರುತ್ತಾರೆ. ಯಾವ ದಾಖಲೆಯ ಬಲದಲ್ಲಿ ಇಲ್ಲಿ ಉಳಿಯುವುದು ಎಂಬುದನ್ನು ಮಾತ್ರ ಬಂದ ಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟಿರುತ್ತಾರೆ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ದಿನವೇ ಭಾರತದ ಪೌರತ್ವ ಹೋಯಿತು. ಹುಟ್ಟಿದ್ದು ಲೇಡಿಗೋಶನ್ ಆಸ್ಪತ್ರೆಯಲ್ಲೇ ಆಗಿರಲಿ, ಪಹಣಿಯಲ್ಲಿ ಇಂದಿಗೂ ಅಪ್ಪನ ಹೆಸರೇ ಇರಲಿ, ಬಜ್ಪೆಯಲ್ಲಿ ಇಳಿದಾಗ ಅವರು ವಿದೇಶಿಯರು.

ದುಬೈ, ಕುವೈತ್, ಮಸ್ಕತ್, ದಮ್ಮಾಮ್‌ಗಳಿಂದ ಮರಳುವ ಬಹುತೇಕರಿಗೆ ಇಲ್ಲಿ ಹೇಳುವ ಯಾವುದೂ ಬೇಕಿಲ್ಲ. ಅಲ್ಲಿ ಎಷ್ಟೇ ವರ್ಷ ಇದ್ದರೂ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟೇ. ಅವರಿಗಿರುವುದು ಬ್ಯಾಂಕ್ ಖಾತೆ ಮತ್ತು ತೆರಿಗೆಯ ಕೆಲಸ ಮಾತ್ರ.

ಭಾರತದಲ್ಲಿ ನಿವೃತ್ತರಿಗೆಂದೇ ಒಂದು ವೀಸಾ ಇಲ್ಲ. ಥಾಯ್ಲೆಂಡಿನಲ್ಲಿ ಅಂಥ ವೀಸಾ ಇದೆ, ಅದರ ಜೊತೆ 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡುವ ಕಟ್ಟಳೆಯೂ ಇದೆ. ನಮ್ಮಲ್ಲಿ ಆ ಬಗೆಯ ನಿಯತ ವರದಿ ಇಲ್ಲ. ಆದರೆ ಯಾರು, ಯಾವಾಗ, ಯಾವ ಕಚೇರಿಗೆ ತಿಳಿಸಬೇಕು ಎಂಬುದು ಆರಿಸಿಕೊಂಡ ದಾರಿಯ ಮೇಲೆ ನಿಂತಿದೆ. ಶುಲ್ಕ ನೋಡಿ ಆರಿಸುವುದು ತಪ್ಪು ಲೆಕ್ಕ. ಅರುವತ್ತೈದರಲ್ಲಿ ಆನ್‌ಲೈನ್ ಅರ್ಜಿ ತುಂಬುವುದು ಕಷ್ಟವಲ್ಲ. ಎಂಬತ್ತೈದರಲ್ಲಿ, ಕಣ್ಣಿನ ಪೊರೆ ಬೆಳೆದು ಕೈ ನಡುಗುವಾಗ, ವೀಸಾ ಮುಗಿಯುವ ತಾರೀಕು ನೆನಪಿಡಬೇಕಾಗಿ ಬರುವ ದಾರಿ ಯಾವುದೋ ಅದನ್ನು ಆದಷ್ಟು ಬಿಡಿ. ನಮ್ಮ ಸಲಹೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಟೂರಿಸ್ಟ್ ವೀಸಾ

ನೆಲೆಸಲು ಇದು ದಾರಿಯಲ್ಲ. ಇ-ಟೂರಿಸ್ಟ್ ವೀಸಾ 5 ವರ್ಷದ್ದಾದರೂ ಅಮೆರಿಕ, ಬ್ರಿಟನ್, ಕೆನಡಾ, ಜಪಾನ್ ಪ್ರಜೆಗಳು ಒಮ್ಮೆ ಬಂದರೆ 180 ದಿನ, ಉಳಿದ ದೇಶದವರು 90 ದಿನ ಇರಬಹುದು. ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 180 ದಿನ ಮೀರುವಂತಿಲ್ಲ. ಮಂಗಳೂರು ವಿಮಾನ ನಿಲ್ದಾಣದಲ್ಲೇ ಇ-ವೀಸಾದಲ್ಲಿ ಇಳಿಯಬಹುದು, ಅದೊಂದು ಅನುಕೂಲ. ಮಳೆಗಾಲ ಅಲ್ಲಿ, ಚಳಿಗಾಲ ಇಲ್ಲಿ ಎಂದು ವರ್ಷವನ್ನು ಎರಡು ಪಾಲು ಮಾಡಿಕೊಂಡವರಿಗೆ ಸಾಕು. ಟೂರಿಸ್ಟ್ ವೀಸಾದಲ್ಲಿ ಬಂದು ಇಲ್ಲಿಂದಲೇ ಒಸಿಐಗೆ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ ಎಂಬ ಕಾರ್ಡಿಗೆ) ಅರ್ಜಿ ಹಾಕೋಣ ಎಂಬ ಲೆಕ್ಕಾಚಾರ ಮಾತ್ರ ನಡೆಯುವುದಿಲ್ಲ, ಆ ವೀಸಾದವರ ಅರ್ಜಿಯನ್ನು ಇಲ್ಲಿ ತೆಗೆದುಕೊಳ್ಳುವುದಿಲ್ಲ.

ಎಂಟ್ರಿ ವೀಸಾ

ಭಾರತೀಯ ಮೂಲದವರಿಗೆ, ಭಾರತೀಯರ ಅಥವಾ ಒಸಿಐದಾರರ ಗಂಡ, ಹೆಂಡತಿ, ಮಕ್ಕಳಿಗೆ ಸಿಗುವ ವೀಸಾ ಇದು. ಕಾಗದದಲ್ಲಿ ‘ಎಕ್ಸ್’ ಎಂದಿರುತ್ತದೆ. 5 ವರ್ಷದವರೆಗೆ ಕೊಡುತ್ತಾರೆ, ಇಲ್ಲಿಂದಲೇ ಮುಂದುವರಿಸಿಕೊಳ್ಳಬಹುದು. ಸಂಬಳದ ಕೆಲಸಕ್ಕೆ ಅವಕಾಶವಿಲ್ಲ.

ವರದಿಯ ಹೊರೆ ಇರುವುದು ಇಲ್ಲೇ. ಒಂದು ಭೇಟಿಯಲ್ಲಿ 180 ದಿನ ಮೀರಿ ಉಳಿಯುವುದಾದರೆ ಆ 180 ದಿನ ಮುಗಿಯುವ ಮುನ್ನವೇ ವಿದೇಶಿಯರ ನೋಂದಣಿ ಆಗಬೇಕು. ಕೆಲವರ ವೀಸಾದಲ್ಲಿ ಬಂದ 14 ದಿನದೊಳಗೆ ನೋಂದಾಯಿಸಬೇಕೆಂದು ಷರಾ ಇರುತ್ತದೆ, ಹಾಗಿದ್ದರೆ ಅದೇ ಅಂತಿಮ. ಹಾಗಾಗಿ ವೀಸಾ ಕೈಗೆ ಬಂದ ದಿನವೇ ಸಣ್ಣ ಅಕ್ಷರದ ಷರಾ ಓದಿ. ಪಕ್ಕದ ಮನೆಯವರಿಗೆ 180 ದಿನ ಇತ್ತು ಎಂದು ಕಾಯಬೇಡಿ.

ನೋಂದಣಿ ಈಗ ಇ-ಎಫ್‌ಆರ್‌ಆರ್‌ಒ (ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯ) ಪೋರ್ಟಲಿನಲ್ಲಿ. ಬಳಕೆದಾರ ಖಾತೆ ತೆರೆದು, ಬೇಕಾದ ಸೇವೆ ಆರಿಸಿ, ಫೋಟೊ, ಪಾಸ್‌ಪೋರ್ಟಿನ ವಿವರ ಪುಟ, ವೀಸಾ ಪುಟ, ಭಾರತಕ್ಕೆ ಬಂದ ಮುದ್ರೆ ಬಿದ್ದ ಪುಟ, ವಿಳಾಸದ ದಾಖಲೆ ಇಷ್ಟನ್ನು ಏರಿಸಬೇಕು. ಶುಲ್ಕವಿದ್ದರೆ ಅಲ್ಲೇ ಕಟ್ಟಬೇಕು. ಎಲ್ಲ ಸರಿಯಿದ್ದರೆ ಕಚೇರಿಗೆ ಹೋಗದೆ ಪ್ರಮಾಣಪತ್ರ ಇಮೇಲಿಗೆ ಬರುತ್ತದೆ. ಸ್ಥಳೀಯ ಠಾಣೆಯಿಂದ ಮನೆಗೆ ಬಂದು ವಿಳಾಸ ನೋಡಿ ಹೋಗುವುದೂ ಉಂಟು; ಮನೆಯವರಿಗೆ ಮೊದಲೇ ಹೇಳಿಟ್ಟರೆ ಗಾಬರಿಯಾಗುವುದಿಲ್ಲ.

ಅರ್ಜಿ ಹಿಂದೆ ಬರುವುದು ಬಹಳ ಸಲ ವಿಳಾಸದ ಕಾಗದದಿಂದಾಗಿ. ಊರಿನ ಹಿರಿಯರ ಮನೆಯ ಮೆಸ್ಕಾಂ ಬಿಲ್ಲಿನಲ್ಲಿ ತೀರಿಕೊಂಡ ಅಪ್ಪನದೋ ಅಜ್ಜನದೋ ಹೆಸರಿರುತ್ತದೆ. ಅದನ್ನು ಹಾಗೆಯೇ ಏರಿಸಿದರೆ, ಅರ್ಜಿದಾರರಿಗೂ ಆ ಮನೆಗೂ ಏನು ಸಂಬಂಧ ಎಂದು ಪ್ರಶ್ನೆ ಬರುತ್ತದೆ. ಈಗ ಆ ಮನೆಯಲ್ಲಿರುವ ತಮ್ಮನೋ ಅಕ್ಕನೋ ‘ಇವರು ನಮ್ಮ ಮನೆಯಲ್ಲಿ ಇಂಥ ದಿನದಿಂದ ಇದ್ದಾರೆ’ ಎಂದು ಬರೆದುಕೊಟ್ಟ ಪತ್ರ, ಅವರ ಗುರುತಿನ ಚೀಟಿ, ಮನೆ ತೆರಿಗೆಯ ರಸೀದಿ ಮೂರನ್ನೂ ಬಿಲ್ಲಿನ ಜೊತೆ ಸೇರಿಸಿ. ಬಾಡಿಗೆ ಮನೆಯಾದರೆ ಛಾಪಾ ಕಾಗದದ ಕರಾರು ಬೇಕು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅದೇ ಅಕ್ಷರಗಳಲ್ಲಿ ಅದರಲ್ಲಿ ಹೆಸರಿರಲಿ.

ಎರಡನೆಯ ತೊಡಕು ಸರಹದ್ದಿನದು. ಜಿಲ್ಲೆಗಳಲ್ಲಿ ವಿದೇಶಿಯರ ನೋಂದಣಾಧಿಕಾರಿ ಎಂದರೆ ಎಸ್ಪಿ, ಮಂಗಳೂರು ನಗರದಲ್ಲಿ ಪೊಲೀಸ್ ಕಮಿಷನರ್. ಮೂಲ್ಕಿ, ಮೂಡುಬಿದಿರೆ, ಸುರತ್ಕಲ್ ಕಮಿಷನರೇಟಿಗೆ ಸೇರಿವೆ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ ದಕ್ಷಿಣ ಕನ್ನಡ ಎಸ್ಪಿಗೆ. ಮೂಲ್ಕಿಯಿಂದ ಶಾಂಭವಿ ಹೊಳೆ ದಾಟಿ ಹೆಜಮಾಡಿಗೆ ಬಂದರೆ ಅದು ಉಡುಪಿ ಜಿಲ್ಲೆ. ಅಂಚೆ ವಿಳಾಸದಲ್ಲಿ ‘ಮಂಗಳೂರು ತಾಲೂಕು’ ಎಂದು ಹಳೇ ರೂಢಿಯಲ್ಲಿ ಬರೆದು, ಜಿಲ್ಲೆಯ ಕಾಲಂನಲ್ಲಿ ಇನ್ನೊಂದನ್ನು ಆರಿಸಿದರೆ ಅರ್ಜಿ ಎರಡು ಕಚೇರಿಗಳ ನಡುವೆ ಓಡಾಡುತ್ತದೆ. ನಿಮ್ಮ ಮನೆ ಯಾವ ಠಾಣೆಗೆ ಸೇರುತ್ತದೆ ಎಂದು ಮೊದಲು ಕೇಳಿ, ಅಲ್ಲಿಂದ ಜಿಲ್ಲೆ ಆರಿಸಿ.

ಮೂರನೆಯದು, ಮನೆ ಬದಲಿಸಿದರೆ ತಿಳಿಸುವುದು. ಹಳ್ಳಿಯ ಮನೆಯಲ್ಲಿ ನೋಂದಾಯಿಸಿಕೊಂಡು, ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ಮಣಿಪಾಲಕ್ಕೆ ಬಂದವರು ಅಲ್ಲೇ ಫ್ಲ್ಯಾಟ್ ಹಿಡಿದು ಉಳಿದುಬಿಡುತ್ತಾರೆ. ವಿಳಾಸ ಬದಲಾವಣೆಗೆ ಪೋರ್ಟಲಿನಲ್ಲೇ ಬೇರೆ ಸೇವೆಯಿದೆ. ಹೊಸ ಪಾಸ್‌ಪೋರ್ಟ್ ಬಂದರೆ ವೀಸಾವನ್ನು ಅದಕ್ಕೆ ವರ್ಗಾಯಿಸಿಕೊಳ್ಳುವುದಕ್ಕೂ ಇದೆ. ವೀಸಾ ಮುಂದುವರಿಕೆಗೆ ಎರಡು ತಿಂಗಳು ಮೊದಲೇ ಕಾಗದ ಜೋಡಿಸಿಡಿ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆ ಹಳೆಯ ನಾಲ್ಕು ಕಾಯ್ದೆಗಳನ್ನು ತೆಗೆದುಹಾಕಿ ಅವುಗಳ ಜಾಗಕ್ಕೆ ಬಂದಿದೆ. ಅದರ ಪ್ರಕಾರ ವೀಸಾ ಅವಧಿ ಮೀರಿ ಉಳಿದರೆ 3 ವರ್ಷದವರೆಗೆ ಸಜೆ, 3 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮರೆತೆ ಎಂಬುದು ಅಲ್ಲಿ ಉತ್ತರವಾಗುವುದಿಲ್ಲ.

ಸಿ ಫಾರಂ ಎಂದು ಎಲ್ಲರೂ ಹೇಳುವುದು ಇದಕ್ಕಿಂತ ಬೇರೆ. ವಿದೇಶಿಯರನ್ನು ಉಳಿಸಿಕೊಂಡ ಹೋಟೆಲ್, ಹೋಂ ಸ್ಟೇ, ವೃದ್ಧರ ವಸತಿ, ಬಾಡಿಗೆ ಮನೆಯ ಧಣಿ – ಯಾರೇ ಆಗಲಿ, 24 ಗಂಟೆಯೊಳಗೆ ಆನ್‌ಲೈನಿನಲ್ಲಿ ತಿಳಿಸಬೇಕು. ಈ ಹೊಣೆ ಉಳಿಸಿಕೊಂಡವರದು, ಉಳಿದುಕೊಂಡವರದಲ್ಲ. ಆದರೂ ಸಿ ಫಾರಂ ಹಾಕದ ಮನೆಯಿಂದ ನೋಂದಣಿಗೆ ಹೋದರೆ ಸಿಕ್ಕಿಬೀಳುವುದು ನೋಂದಣಿ ಕೇಳಿದವರ ಅರ್ಜಿ. ಉಡುಪಿ, ಮಂಗಳೂರಿನ ಅನೇಕ ಮನೆ ಮಾಲೀಕರಿಗೆ ಇದು ಗೊತ್ತೇ ಇರುವುದಿಲ್ಲ, ಪೊಲೀಸ್ ಎಂಬ ಮಾತು ಕೇಳಿಯೇ ಹಿಂಜರಿಯುತ್ತಾರೆ. ಮುಂಗಡ ಕೊಡುವ ಮೊದಲೇ ಮಾತಾಡಿ ಒಪ್ಪಿಸಿಕೊಳ್ಳಿ.

ಒಸಿಐ

ಪೌರತ್ವ ಕಾಯ್ದೆಯ 7ಎ ಕಲಂ ಅಡಿಯಲ್ಲಿ ಕೊಡುವ ಈ ಕಾರ್ಡು ಜೀವಮಾನದ ವೀಸಾ. ಎಷ್ಟು ವರ್ಷ ಉಳಿದರೂ ನೋಂದಣಿ ಬೇಡ. 1950ರ ಜನವರಿ 26ರಂದು ಅಥವಾ ಆಮೇಲೆ ಭಾರತದ ಪ್ರಜೆಯಾಗಿದ್ದವರು, ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಅರ್ಹರು. 1947ರ ಆಗಸ್ಟ್ 15ರ ನಂತರ ಭಾರತಕ್ಕೆ ಸೇರಿದ ಪ್ರದೇಶದವರೂ ಅರ್ಹರು. ಗೋವಾ ಮೂಲದ ಕುಟುಂಬಗಳು ಈ ಕಲಂನಡಿ ಬರಬಹುದು. ಸ್ವತಃ ಅಥವಾ ಹಿಂದಿನ ಮೂರು ತಲೆಮಾರಿನಲ್ಲಿ ಯಾರಾದರೂ ಪಾಕಿಸ್ತಾನ, ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಸಿಗದು.

ಶುಲ್ಕ ವಿದೇಶದಲ್ಲಿ 275 ಡಾಲರ್, ಇಲ್ಲಿ 15,000 ರೂಪಾಯಿ. ಅಗ್ಗವೆಂದು ಇಲ್ಲಿ ಹಾಕುವುದಕ್ಕಿಂತ, ಸಾಮಾನು ಕಟ್ಟುವ ಮುಂಚೆ ಅಲ್ಲೇ ಮಾಡಿಸಿಕೊಂಡು ಬರುವುದು ಮೇಲು. ಇಲ್ಲಿ ಹಾಕಿದರೆ ಕರ್ನಾಟಕದವರ ಅರ್ಜಿ ಬೆಂಗಳೂರಿನ ಎಫ್‌ಆರ್‌ಆರ್‌ಒ ಕೈಗೆ ಹೋಗುತ್ತದೆ, ಮೂಲ ದಾಖಲೆ ತೋರಿಸಲು ಘಟ್ಟ ಹತ್ತಬೇಕು. ಅದೂ ಅಲ್ಲದೆ, ಹಳೆಯ ಭಾರತೀಯ ಪಾಸ್‌ಪೋರ್ಟ್ ಒಪ್ಪಿಸಿದ ಪ್ರಮಾಣಪತ್ರದ ತಕರಾರು ಬಂದರೆ ಅದನ್ನು ಬಗೆಹರಿಸುವುದು ನೀವಿದ್ದ ದೇಶದ ಭಾರತೀಯ ದೂತಾವಾಸದಲ್ಲೇ ಸುಲಭ. ಹಳೆಯ ಪಾಸ್‌ಪೋರ್ಟ್ ಕಳೆದುಹೋದವರು ಇದನ್ನು ಖಂಡಿತ ಅಲ್ಲೇ ಮುಗಿಸಿ ಬನ್ನಿ.

ಕರಾವಳಿಯವರ ಅರ್ಜಿ ತಡೆಯುವ ಎರಡು ಸಂಗತಿಗಳಿವೆ. ಒಂದು, ಹುಟ್ಟಿದ ಊರು. ಹಳೆಯ ಪಾಸ್‌ಪೋರ್ಟಿನಲ್ಲಿ ‘ಸೌತ್ ಕೆನರಾ’ ಎಂದಿರುತ್ತದೆ. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಮ್ಯಾಂಗಲೋರ್ ಎಂಬುದು ಅಧಿಕೃತವಾಗಿ ಮಂಗಳೂರು ಆದದ್ದು 2014ರಲ್ಲಿ. ಅರ್ಜಿಯಲ್ಲಿ ಇಂದಿನ ಹೆಸರು ಬರೆಯುವ ಉತ್ಸಾಹ ಬೇಡ. ಈಗ ಚಾಲ್ತಿಯಲ್ಲಿರುವ ವಿದೇಶಿ ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದೇ ಇರಲಿ. ಇನ್ನೊಂದು, ಹೆಸರು. ಡಿಸೋಜ ಎಂಬ ಮನೆತನದ ಹೆಸರು ಒಂದು ದಾಖಲೆಯಲ್ಲಿ ಡಿ ಬಳಿಕ ಚುಕ್ಕಿಯೊಂದಿಗೆ, ಇನ್ನೊಂದರಲ್ಲಿ ಜಾಗ ಬಿಟ್ಟು, ಮತ್ತೊಂದರಲ್ಲಿ ಕೂಡಿಸಿ ಬರೆದಿರುತ್ತದೆ. ಶೆಟ್ಟಿ, ಭಟ್, ಪೂಜಾರಿ ಎಂಬುದು ಶಾಲೆಯ ಸರ್ಟಿಫಿಕೇಟಿನಲ್ಲಿ ಇಲ್ಲದೆ ಇನಿಶಿಯಲ್ ಮಾತ್ರ ಇದ್ದು, ವಿದೇಶಕ್ಕೆ ಹೋದ ಮೇಲೆ ಉಪನಾಮವಾಗಿ ಸೇರಿರುತ್ತದೆ. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಒಂದನ್ನು ಮೊದಲೇ ಮಾಡಿಸಿ ಇಟ್ಟರೆ ಒಂದು ಸುತ್ತಿನ ಪತ್ರವ್ಯವಹಾರ ತಪ್ಪುತ್ತದೆ. ಮೂಲದ ಸಾಕ್ಷಿಗೆ ಜನನಪತ್ರ, ಬ್ಯಾಪ್ಟಿಸಂ ದಾಖಲೆ ಎಂದು ಅಲೆಯುವ ಅಗತ್ಯ ಹೆಚ್ಚಿನವರಿಗಿಲ್ಲ. ಸ್ವಂತದ ಹಳೆಯ ಭಾರತೀಯ ಪಾಸ್‌ಪೋರ್ಟೇ ಸಾಕು.

ಫೋಟೊ ಚೌಕಾಕಾರ ಇರಬೇಕು, 51 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ಊರಿನ ಸ್ಟುಡಿಯೊದಲ್ಲಿ ಪಾಸ್‌ಪೋರ್ಟ್ ಫೋಟೊ ಎಂದರೆ 35ಕ್ಕೆ 45ರದ್ದು ಕೊಡುತ್ತಾರೆ. ಅದನ್ನೇ ಎಳೆದು ಚೌಕ ಮಾಡಿದರೆ ಮುಖ ಅಗಲವಾಗಿ ಅರ್ಜಿ ಹಿಂದೆ ಬರುತ್ತದೆ. ಸಹಿಯ ಚಿತ್ರ ಅಗಲ ಮೂರು ಪಾಲು, ಎತ್ತರ ಒಂದು ಪಾಲು.

ಕಾರ್ಡು ಬಂದ ಮೇಲೆ ಉಳಿಯುವ ಹೊಣೆ ಸಣ್ಣದು, ಆದರೆ ಇದೆ. 50 ತುಂಬಿದ ಬಳಿಕ ಹೊಸ ಪಾಸ್‌ಪೋರ್ಟ್ ಪಡೆದಾಗ ಒಂದು ಸಲ ಅದರ ಪ್ರತಿ ಮತ್ತು ಫೋಟೊವನ್ನು 3 ತಿಂಗಳೊಳಗೆ ಒಸಿಐ ಪೋರ್ಟಲಿಗೆ ಏರಿಸಬೇಕು. ಇದಕ್ಕೆ ಶುಲ್ಕವಿಲ್ಲ. 2021ರ ಮಾರ್ಚ್ 4ರ ಅಧಿಸೂಚನೆಯಂತೆ, ಭಾರತದಲ್ಲೇ ವಾಸವಿರುವ ಒಸಿಐದಾರರು ಕಾಯಂ ವಿಳಾಸವೋ ಉದ್ಯೋಗವೋ ಬದಲಾದಾಗ ನೋಂದಣಾಧಿಕಾರಿಗೆ ಇಮೇಲ್ ಮೂಲಕ ತಿಳಿಸಬೇಕು. ಇದು ಹೆಚ್ಚಿನವರಿಗೆ ಗೊತ್ತಿಲ್ಲ. ನಾಲ್ಕು ಸಾಲು ಬರೆದು, ಕಾರ್ಡಿನ ಎರಡೂ ಬದಿಯ ಪ್ರತಿ ಲಗತ್ತಿಸಿ ಕಳಿಸಿ, ಕಳಿಸಿದ ಮೇಲ್ ಅಚ್ಚು ಹಾಕಿ ಇಟ್ಟುಕೊಳ್ಳಿ. ನೋಂದಣಿಯಿಂದ ವಿನಾಯಿತಿ ಇದೆ ಎಂದು ಹೋಟೆಲಿನಲ್ಲೋ ವೃದ್ಧರ ವಸತಿಯಲ್ಲೋ ಸಿ ಫಾರಂ ಬಗ್ಗೆ ಜಗಳಕ್ಕೆ ನಿಲ್ಲಬೇಡಿ. ಅದು ಅವರ ಮೇಲಿನ ಕಟ್ಟಳೆ.

ಅದೇ ಅಧಿಸೂಚನೆ ಧರ್ಮಪ್ರಚಾರ, ಪತ್ರಿಕೋದ್ಯಮ, ಸಂಶೋಧನೆ, ಪರ್ವತಾರೋಹಣಗಳಿಗೆ ವಿಶೇಷ ಅನುಮತಿ ಬೇಕೆನ್ನುತ್ತದೆ. ವಿದೇಶದ ಧರ್ಮಪ್ರಾಂತದಲ್ಲಿ ಸೇವೆ ಮಾಡಿ ಮರಳಿದ ಗುರುಗಳು, ಸಿಸ್ಟರುಗಳು ನಮ್ಮಲ್ಲಿ ಬಹಳ ಮಂದಿ. ನಿವೃತ್ತಿಯ ಬಳಿಕವೂ ಅವರು ಸುಮ್ಮನೆ ಕೂರುವವರಲ್ಲ. ಮಿಷನರಿ ಕೆಲಸಕ್ಕೆ ಕೈಹಾಕುವ ಮುನ್ನ ಅನುಮತಿ ಕೇಳಿಕೊಳ್ಳುವುದು ಅವರಿಗೂ ಸಂಸ್ಥೆಗೂ ಕ್ಷೇಮ.

ತೋಟದ ಪ್ರಶ್ನೆ

ಒಸಿಐದಾರರು ಮನೆ, ಫ್ಲ್ಯಾಟ್, ಕನ್ವರ್ಷನ್ ಆದ ಸೈಟು ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ. ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆಯ ನಿರ್ಬಂಧ ಸಡಿಲಿಸಿತಲ್ಲ ಎಂದು ಬ್ರೋಕರುಗಳು ಹೇಳುತ್ತಾರೆ. ಆ ಸಡಿಲಿಕೆ ಕೃಷಿಕರಲ್ಲದ ಭಾರತೀಯರಿಗಾಯಿತು, ಇಲ್ಲಿನ ತಡೆ ಕೇಂದ್ರದ ವಿದೇಶಿ ವಿನಿಮಯ ನಿಯಮದ್ದು. ‘ಹತ್ತು ಸೆಂಟ್ಸ್ ಜಾಗ, ಒಳ್ಳೆ ಬಾವಿ, ಮನೆ ಇದೆ’ ಎಂದು ತೋರಿಸಿದರೆ ಮೊದಲು ಪಹಣಿ ತೆಗೆಸಿ ನೋಡಿ. ಮನೆ ಎದ್ದುನಿಂತಿದ್ದರೂ ಜಾಗ ದಾಖಲೆಯಲ್ಲಿ ಇನ್ನೂ ತೆಂಗಿನ ತೋಟವೇ ಆಗಿರಬಹುದು.

ಹಿರಿಯರಿಂದ ಬರುವ ತೋಟದ ವಿಷಯ ಇನ್ನೂ ಸೂಕ್ಷ್ಮ. ವಾರಸುದಾರಿಕೆಯಿಂದ ಅಥವಾ ವೀಲುನಾಮೆಯಿಂದ ಅಡಕೆ ತೋಟ ಒಸಿಐ ಮಗನಿಗೆ ಬರಬಹುದು. ಅಪ್ಪ ಬದುಕಿರುವಾಗಲೇ ಪ್ರೀತಿಯಿಂದ ದಾನಪತ್ರ ಬರೆದುಕೊಟ್ಟರೆ ನಿಯಮ ಮುರಿದಂತೆ. ಹಾಗೆ ಬಂದ ತೋಟವನ್ನು ಮಾರುವಾಗಲೂ ಭಾರತದಲ್ಲಿ ನೆಲೆಸಿರುವ ಭಾರತೀಯ ಪ್ರಜೆಗೇ ಮಾರಬೇಕು. ಕೆನಡಾದಲ್ಲಿರುವ ತಂಗಿಗೆ ಕೊಡುವಂತಿಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಣಿಯಾಗಿ ಹೋಯಿತು ಎಂಬುದು ಇಲ್ಲಿ ರಕ್ಷಣೆಯಾಗುವುದಿಲ್ಲ. ಮನೆಯಲ್ಲಿ ಪಾಲು ಮಾತುಕತೆ ನಡೆಯುತ್ತಿದ್ದರೆ ಯಾರ ಕೈಯಲ್ಲಿ ಯಾವ ಪಾಸ್‌ಪೋರ್ಟ್ ಇದೆ ಎಂದು ವಕೀಲರಿಗೆ ಮೊದಲ ದಿನವೇ ಹೇಳಿ.

ಪೌರತ್ವ ಮರಳಿ ಪಡೆಯುವುದು

ತೋಟ ಕೊಂಡು ಕೃಷಿ ಮಾಡಲೇಬೇಕು, ಮತ ಹಾಕಬೇಕು ಎಂಬ ಗಟ್ಟಿ ಮನಸ್ಸಿದ್ದವರಿಗೆ ಇದು. ಹಿಂದೆ ಸ್ವತಂತ್ರ ಭಾರತದ ಪ್ರಜೆಯಾಗಿದ್ದು, ಅರ್ಜಿಗೆ ಮುಂಚಿನ 12 ತಿಂಗಳು ಇಲ್ಲೇ ವಾಸವಿದ್ದವರು ಪೌರತ್ವ ಕಾಯ್ದೆಯ ಕಲಂ 5(1)(ಎಫ್) ಅಡಿಯಲ್ಲಿ ಕೇಳಬಹುದು. ಒಸಿಐ ಪಡೆದು 5 ವರ್ಷವಾಗಿ, 12 ತಿಂಗಳು ಇಲ್ಲಿದ್ದವರಿಗೆ 5(1)(ಜಿ) ಇದೆ. ಅರ್ಜಿ ಆನ್‌ಲೈನ್, ಪರಿಶೀಲನೆ ಜಿಲ್ಲಾಧಿಕಾರಿಯದು: ಉಡುಪಿಯವರಿಗೆ ಮಣಿಪಾಲದ ರಜತಾದ್ರಿ, ದಕ್ಷಿಣ ಕನ್ನಡದವರಿಗೆ ಮಂಗಳೂರಿನ ಜಿಲ್ಲಾಧಿಕಾರಿ ಕಚೇರಿ. ಆ 12 ತಿಂಗಳ ನಡುವೆ ಮೊಮ್ಮಗುವಿನ ಬಾಣಂತನಕ್ಕೆಂದು ಎರಡು ತಿಂಗಳು ಹೊರಗೆ ಹೋದರೆ ಲೆಕ್ಕ ಮುರಿಯುತ್ತದೆ; ಸರ್ಕಾರ ಸಡಿಲಿಸಬಹುದಾದದ್ದು ಹೆಚ್ಚೆಂದರೆ 30 ದಿನ.

ಎರಡು ಪೌರತ್ವ ಇಟ್ಟುಕೊಳ್ಳಲು ಭಾರತ ಬಿಡುವುದಿಲ್ಲವಾದ್ದರಿಂದ ವಿದೇಶಿ ಪೌರತ್ವ ತ್ಯಜಿಸಬೇಕು. ಇಲ್ಲಿನ ಒಪ್ಪಿಗೆ ಪತ್ರ ಕೈಗೆ ಬರುವ ಮುನ್ನ ತ್ಯಜಿಸಬೇಡಿ, ಯಾವ ದೇಶಕ್ಕೂ ಸೇರದೆ ನಡುನೀರಿನಲ್ಲಿ ನಿಲ್ಲುವ ಅಪಾಯವಿದೆ. ಅಮೆರಿಕದ ಪ್ರಜೆಗಳು ಪೌರತ್ವ ಬಿಡುವಾಗ ಆಸ್ತಿಯ ಮೊತ್ತ ನೋಡಿ ತೆರಿಗೆಯೂ ಬೀಳಬಹುದು. ಆಮೇಲೆ ಮಕ್ಕಳನ್ನು ನೋಡಲು ಹೋಗಬೇಕಾದರೆ ವೀಸಾದ ಸಾಲಿನಲ್ಲಿ ನಿಲ್ಲಬೇಕು. ಮಕ್ಕಳು ಅಲ್ಲೇ ಇರುವವರಿಗೆ ಈ ದಾರಿಯನ್ನು ನಾವು ಹೇಳುವುದಿಲ್ಲ.

180, 182: ಬೆರೆಸಬಾರದ ಲೆಕ್ಕಗಳು

ಎಂಟ್ರಿ ವೀಸಾದವರ 180 ದಿನ ಒಂದೇ ಭೇಟಿಯ ನಿರಂತರ ವಾಸದ ಲೆಕ್ಕ. ಆದಾಯ ತೆರಿಗೆಯ 182 ದಿನ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷದಲ್ಲಿ ಒಟ್ಟು ಎಷ್ಟು ದಿನ ಇದ್ದಿರಿ ಎಂಬುದರದ್ದು. ಆಧಾರ್‌ಗೆ ಅರ್ಜಿಯ ಹಿಂದಿನ 12 ತಿಂಗಳಲ್ಲಿ 182 ದಿನ ಇದ್ದಿರಬೇಕು. ಒಸಿಐದಾರರ ಆಧಾರ್ 10 ವರ್ಷ ನಡೆಯುತ್ತದೆ, ವೀಸಾದವರದು ವೀಸಾ ಇರುವಷ್ಟು ದಿನ. ಮೂರಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ನೋಂದಣಿಯಿಂದ ತಪ್ಪಿಸಿಕೊಳ್ಳಲು 175ನೇ ದಿನ ಕೊಲಂಬೊಗೆ ಹೋಗಿ ಮರಳಿದವರು ತೆರಿಗೆಯಲ್ಲಿ ಭಾರತದ ನಿವಾಸಿಯೇ ಆಗಿಬಿಟ್ಟಿರುತ್ತಾರೆ. ಒಸಿಐ ಇದೆ, ನಾನು ವಿದೇಶಿ, ತೆರಿಗೆ ಇಲ್ಲ ಎಂಬ ತಿಳಿವಳಿಕೆಯೂ ತಪ್ಪು. ತೆರಿಗೆ ಪಾಸ್‌ಪೋರ್ಟ್ ನೋಡುವುದಿಲ್ಲ, ದಿನ ಎಣಿಸುತ್ತದೆ. ಮರಳಿ ನೆಲೆಸಿದವರು ಬ್ಯಾಂಕಿಗೂ ತಿಳಿಸಿ ಅನಿವಾಸಿಗಳಿಗಿರುವ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳನ್ನು ಬದಲಿಸಿಕೊಳ್ಳಬೇಕು.

ದಂಪತಿಗಳಲ್ಲಿ ಒಬ್ಬರು ಬೇರೆ ಮೂಲದವರಾದರೆ

ಹೆಚ್ಚು ಯೋಚಿಸಬೇಕಾದವರು ಇವರು. ಗಂಡ ಕುಂದಾಪುರದವರು, ಹೆಂಡತಿ ಇಂಗ್ಲೆಂಡಿನವರು ಎನ್ನಿ. ಮದುವೆ ನೋಂದಣಿಯಾಗಿ 2 ವರ್ಷ ಬಿಡದೆ ನಡೆದಿದ್ದರೆ ಹೆಂಡತಿಗೂ ಒಸಿಐ ಸಿಗುತ್ತದೆ, ಆದರೆ ಮೊದಲು ಭದ್ರತಾ ಪರಿಶೀಲನೆ ಆಗಬೇಕಾದ್ದರಿಂದ ಹೆಚ್ಚು ಕಾಯಬೇಕು. ದೇವಸ್ಥಾನದ ಅಥವಾ ಮಂಟಪದ ರಸೀದಿ ನೋಂದಣಿಗೆ ಸಮವಲ್ಲ. ಅವರು ಹೊಸ ಪಾಸ್‌ಪೋರ್ಟ್ ಪಡೆದಾಗಲೆಲ್ಲ, ವಯಸ್ಸು ಎಷ್ಟೇ ಆಗಿರಲಿ, ಪ್ರತಿ ಏರಿಸಿ ಮದುವೆ ಊರ್ಜಿತದಲ್ಲಿದೆ ಎಂಬ ಘೋಷಣೆ ಕೊಡಬೇಕು. ಗಂಡನಿಗೆ ಒಮ್ಮೆಗೆ ಮುಗಿದ ಕೆಲಸ ಹೆಂಡತಿಗೆ ಮುಗಿಯುವುದಿಲ್ಲ. ಇಬ್ಬರ ತಾರೀಕುಗಳನ್ನೂ ಬೇರೆ ಬೇರೆ ಬರೆದಿಡಿ. ವಿಚ್ಛೇದನವಾದರೆ ಆ ಕಾರ್ಡು ರದ್ದಾಗಬಹುದು. ಎರಡು ವರ್ಷ ತುಂಬದ ಹೊಸ ಮದುವೆಯಾದರೆ ಅಲ್ಲಿಯವರೆಗೆ ಎಂಟ್ರಿ ವೀಸಾ, ಮೇಲೆ ಹೇಳಿದ ನೋಂದಣಿ, ಆಮೇಲೆ ಒಸಿಐ.

ಅರ್ಜಿಯನ್ನು ಮಗನೋ ಮಗಳೋ ಅಲ್ಲಿಂದಲೇ ತುಂಬಿಕೊಡುವುದು ರೂಢಿ. ಆಗ ತಮ್ಮದೇ ಇಮೇಲ್, ತಮ್ಮದೇ ಮೊಬೈಲ್ ಸಂಖ್ಯೆ ಹಾಕಿಬಿಡುತ್ತಾರೆ. ಕಚೇರಿಯವರು ಹೆಚ್ಚುವರಿ ದಾಖಲೆ ಕೇಳಿ ಕಳಿಸಿದ ಮೇಲ್ ಅಲ್ಲಿನ ನಡುರಾತ್ರಿ ಹೋಗಿ ಸೇರುತ್ತದೆ, ಯಾರೂ ನೋಡದೆ ಅರ್ಜಿ ಮುಚ್ಚಿಹೋಗುತ್ತದೆ. ಖಾತೆಗೆ ನಿಮ್ಮದೇ ಇಮೇಲ್, ಇಲ್ಲಿನ ಸಿಮ್ಮಿನ ಸಂಖ್ಯೆ ಕೊಡಿ. ಪಾಸ್‌ವರ್ಡ್ ಮತ್ತು ಅರ್ಜಿ ಸಂಖ್ಯೆಯನ್ನು ಮನೆಯಲ್ಲಿರುವ ಇನ್ನೊಬ್ಬರಿಗೂ ಬರೆದುಕೊಟ್ಟಿರಿ.